ಕಲ್ಯಾಣದುರ್ಗದ ಧೂಳೂ ಸ್ವಲ್ಪ ಕಾಣಲಿ

ಅಳಿಯಾ,

ಹಳೇ ಗಾಡಿ ಜಾಹೀರಾತಿನ ಹಾಗೆ ಮಾಡಿ ನೀನು ಕಳಿಸಿದ ವಿಡಿಯೋ ಮೂರು ಸಲ ನೋಡಿದೆ. ನಿಮ್ಮ ಅತ್ತೆ ನಾಲ್ಕನೇ ಸಲ ನೋಡಿ, "ಕೂಲಿಂಗ್ ಗ್ಲಾಸ್ ಹಾಕ್ಕೊಂಡ್ರೆ ಥೇಟ್ ಅವರ ತಾತನೇ" ಅಂದಳು. ನಿನ್ನ ಯೆಜ್ಡಿ ಬೈಕಿನ ಟ್ಯಾಂಕು ಮಿಂಚುತ್ತಿದೆ. ನಿನ್ನ ಗೆಳೆಯನ ಅಂಬಾಸಿಡರಿನ ಬಂಪರಿನಲ್ಲಿ ಕ್ಯಾಮೆರಾ ಹಿಡಿದವನ ಮುಖವೇ ಕಾಣಿಸುತ್ತಿದೆ. ಹಿಂದಿನಿಂದ ಬಜಾಜ್ ಜಾಹೀರಾತಿನ ಹಾಡು. ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ಬೆಂಗಳೂರಿಗೆ ಹೋದಾಗ ಅಲ್ಲಿಯ ಕ್ಲಬ್ಬಿನವರಿಗೆ ತೋರಿಸಬೇಕು ಅಂತಲೂ ಬರೆದಿದ್ದೀಯ. ತೋರಿಸು, ಬೇಡ ಅನ್ನಲ್ಲ. ಆದರೆ "ಹೆಂಗಿದೆ ಮಾವ?" ಅಂತ ಕೇಳಿದ್ದೀಯಲ್ಲ, ಬರೀ "ಚೆನ್ನಾಗಿದೆ" ಅಂದುಬಿಟ್ಟರೆ ನಾನು ನಲವತ್ತು ವರ್ಷ ಬ್ರಷ್ ಹಿಡಿದಿದ್ದು ದಂಡ.

ಜಾಹೀರಾತು ನನ್ನ ಹೊಟ್ಟೆಪಾಡು ಅಂತ ನಿನಗೆ ಗೊತ್ತು. ಹಿಂದೂಪುರದ ಸುತ್ತ ಗೋಡೆ ಮೇಲೆ ತೆಲುಗಿನಲ್ಲಿ ಬರೆಯುತ್ತಿದ್ದೆ. ಮಡಕಶಿರಾ ದಾಟಿ ರೊಳ್ಳ, ಅಮರಾಪುರಂ ಕಡೆ ಹೋದರೆ ಕನ್ನಡದಲ್ಲಿ. ತಲೆಕಟ್ಟು ಬದಲಾಯಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೇ. ಬೀಡಿ, ಗೊಬ್ಬರ, ಪಂಪ್‌ಸೆಟ್ಟು, ಅಪರೂಪಕ್ಕೊಂದು ಸ್ಕೂಟರು. ಟೂರಿಂಗ್ ಟಾಕೀಸಿಗೆ ಸ್ಲೈಡೂ ಮಾಡಿಕೊಡುತ್ತಿದ್ದೆ. ಗಾಜಿಗೆ ಮಸಿ ಬಳಿದು, ಒಣಗಿದ ಮೇಲೆ ಸೂಜಿಯಲ್ಲಿ ಕೆರೆದು ಅಕ್ಷರ ಬಿಡಿಸಬೇಕು. ಕೆರೆದ ಗೆರೆಯೊಳಗೆ ಬೆಳಕು ತೂರಿ ಪರದೆ ಮೇಲೆ ಬೀಳುತ್ತದೆ. ಒಂದು ಸಲ ಒಬ್ಬರು ಅಂಗಡಿಯವರಿಗೆ ಸ್ಕೂಟರಿನ ಸ್ಲೈಡು ಮಾಡಿದ್ದೆ. ಎರಡು ರಾತ್ರಿ ಕೂತು ಚಕ್ರದ ಒಂದೊಂದು ಬೋಲ್ಟೂ ಬಿಡಿಸಿದ್ದೆ. ಆವತ್ತು ಆಪರೇಟರ್ ಹುಡುಗ ರಜೆ ಹಾಕಿದ್ದ, ನಾನೇ ಸ್ಲೈಡು ತೂರಿಸಿದೆ. ಸ್ಕೂಟರು ತಲೆಕೆಳಗಾಗಿ, ಚಕ್ರ ಆಕಾಶ ನೋಡಿಕೊಂಡು ನಿಂತಿತು. ಟೆಂಟಿಗೆ ಟೆಂಟೇ ಕೇಕೆ ಹಾಕಿತು. ಅಂಗಡಿಯವರು ನನಗೆ ಬಾಕಿ ದುಡ್ಡು ಕೊಡಲಿಲ್ಲ. ಆದರೆ ಮಾರನೇ ದಿನ ಮೂರು ಜನ ಹೋಗಿ, "ಆ ತಲೆಕೆಳಗಾದ ಗಾಡಿ ಎಷ್ಟು?" ಅಂತ ಕೇಳಿದ್ದರಂತೆ. ನಾನು ಬಿಡಿಸಿದ ಬೋಲ್ಟು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಿನ್ನ ವಿಡಿಯೋದಲ್ಲಿ ಇರುವುದು ಬರೀ ಬೋಲ್ಟು, ಅಳಿಯಾ.

ನೀನು ಬಳಸಿದ ಆ ಬಜಾಜ್ ಜಾಹೀರಾತನ್ನೇ ತಗೋ. ಅದು ಬಂದಿದ್ದು 1989ರಲ್ಲಿ, ಮಾಡಿದ್ದು ಲಿಂಟಾಸ್‌ನವರು. ಅದಕ್ಕೂ ಹಿಂದೆ ಬಜಾಜಿನ ಚೇತಕ್ ಸ್ಕೂಟರು ಬೇಕೆಂದರೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು, ಹತ್ತು ವರ್ಷ ಕಾದವರೂ ಇದ್ದರು. ಮಗಳು ಹುಟ್ಟಿದಾಗ ಬುಕ್ ಮಾಡಿದರೆ ಅವಳು ದೊಡ್ಡವಳಾಗುವ ಹೊತ್ತಿಗೆ ಗಾಡಿ ಬರುತ್ತದೆ ಅಂತ ನಾವು ತಮಾಷೆ ಮಾಡುತ್ತಿದ್ದೆವು. ಬಾಗಿಲಲ್ಲಿ ಕ್ಯೂ ನಿಂತಿರುವಾಗ ಹಾಡು ಹೇಳಿ ಯಾಕೆ ಕರೆಯಬೇಕು? 1984ರಲ್ಲಿ ಕೈನೆಟಿಕ್ ಹೋಂಡಾ ಬಂತು, ಮರುವರ್ಷ ಹೀರೋ ಹೋಂಡಾದ ಸಿಡಿ 100 ಬಂತು. ಗಿರಾಕಿ ಕೈತಪ್ಪುವ ದಿಗಿಲು ಹತ್ತಿದ ಮೇಲೇ ಆ ಹಾಡು ಹುಟ್ಟಿದ್ದು. ಹುಟ್ಟಿದ್ದಾದರೂ ಹೆಂಗೆ? ಅದರಲ್ಲಿ ಇಂಜಿನ್ನಿನ ಸುದ್ದಿಯೇ ಇಲ್ಲ, ಮೈಲೇಜಿನ ಲೆಕ್ಕ ಇಲ್ಲ. ಸ್ಕೂಟರು ಇಟ್ಟುಕೊಂಡ ಸಾಮಾನ್ಯರ ಮುಖಗಳು, ಅವರ ಮನೆ, ಅವರ ಬೀದಿ. ನೀನು ಹಾಡು ಎತ್ತಿಕೊಂಡೆ, ಮುಖಗಳನ್ನು ಅಲ್ಲೇ ಬಿಟ್ಟುಬಂದೆ.

ಇನ್ನೊಂದು ಸಂಗತಿ. ದೂರದರ್ಶನದಲ್ಲಿ ಜಾಹೀರಾತು ಶುರುವಾಗಿದ್ದು 1976ರಲ್ಲಿ. ಆಗ ನಮ್ಮ ಕಡೆ ಟಿವಿ ಯಾರ ಮನೆಯಲ್ಲಿತ್ತು? ಕಾರಿನ ಜಾಹೀರಾತು ಪೇಪರಿನಲ್ಲಿ ಇಂಗ್ಲಿಷಿನಲ್ಲಿ ಬರುತ್ತಿತ್ತು, ಓದಬಲ್ಲವರೆಲ್ಲ ಪೇಟೆಯಲ್ಲಿದ್ದರು. ಕುಂದುರ್ಪಿಯ ರೈತನನ್ನೋ ಹಿಂದೂಪುರದ ಬೆಲ್ಲದ ಮಂಡಿಯ ಹಮಾಲಿಯನ್ನೋ ನೋಡಿ ಯಾವ ಕಂಪನಿಯೂ ಮಾತಾಡಲಿಲ್ಲ. ಆದರೂ ಗಾಡಿ ಬಂತು. ಲೂನಾ ಮೊಪೆಡ್ ಮೇಲೆ ಕಡಲೆಕಾಯಿ ಮೂಟೆ ಬಂತು, ಹಾಲಿನ ಕ್ಯಾನು ಬಂತು, ಮುಂದುಗಡೆ ನಿಲ್ಲಿಸಿಕೊಂಡ ಮಗು ಬಂತು. ಎದುರುಗಾಳಿ ಬೀಸಿದರೆ ಪೆಡಲು ತುಳಿದುಕೊಂಡೇ ಹೋಗುತ್ತಿದ್ದೆವು. ಅಂಬಾಸಿಡರಿಗೆ ಗೇರು ಸ್ಟೇರಿಂಗಿನ ಪಕ್ಕದಲ್ಲಿ, ಸೀಟು ಬೆಂಚಿನ ಹಾಗೆ ಉದ್ದಕ್ಕೆ. ಹಾಗಾಗಿ ಮುಂದೆ ಡ್ರೈವರನ್ನೂ ಸೇರಿಸಿ ನಾಲ್ಕು ಜನ ಕೂರುತ್ತಿದ್ದರು, ಡ್ರೈವರು ಅರ್ಧ ಬಾಗಿಲಿಗೆ ಅಂಟಿಕೊಂಡು ಓಡಿಸುತ್ತಿದ್ದ. ನಿಮ್ಮಮ್ಮನ ಮದುವೆ ದಿಬ್ಬಣ ಹೋಗಿದ್ದು ಹಾಗೇ, ನನ್ನ ತೊಡೆ ಮೇಲೆ ಒಂದು ಹಲಸಿನ ಹಣ್ಣು ಬೇರೆ. ಈ ಜಾಹೀರಾತನ್ನು ಯಾರೂ ಮಾಡಲಿಲ್ಲ. ನೀನು ಮಾಡಬಹುದು. ಇದ್ದದ್ದನ್ನು ನಕಲು ಮಾಡುವುದಕ್ಕಿಂತ ಆಗಬೇಕಿದ್ದದ್ದನ್ನು ಮಾಡುವುದೇ ಹೆಚ್ಚು ಮಜಾ.

ನಮ್ಮ ಊರವರು ಕಣ್ಣುಬಿಟ್ಟು ನೋಡಿದ ಹಳೇ ಗಾಡಿ ಅಂದರೆ ಎನ್.ಟಿ.ಆರ್. ಅವರ ಚೈತನ್ಯ ರಥ. ಹಳೇ ಷೆವರ್ಲೆ ವ್ಯಾನು, ಮಗ ಹರಿಕೃಷ್ಣ ಓಡಿಸುತ್ತಿದ್ದರು. 1983ರ ಚುನಾವಣೆಗೆ ಆಂಧ್ರವನ್ನೆಲ್ಲ ಸುತ್ತಿತು. ಎನ್.ಟಿ.ಆರ್. 1985ರಿಂದ ಮೂರು ಸಲ ನಮ್ಮ ಹಿಂದೂಪುರದಿಂದಲೇ ಗೆದ್ದರು. ಆ ವ್ಯಾನಿನ ಮಾಡೆಲ್ಲು ಯಾವುದು ಅಂತ ಆಗ ಯಾರೂ ಕೇಳಲಿಲ್ಲ, ಎಲ್ಲರ ಕಣ್ಣೂ ಮೇಲೆ ನಿಂತವರ ಮೇಲೇ.

ಈಗ ಯೆಜ್ಡಿ ವಿಷಯ. ನಿನ್ನ ಹೀರೋ ಹುಡುಗ ಬಲಗಡೆ ಕಿಕ್ಕರ್ ಹುಡುಕಿ, ಸಿಗದೆ, ಕೊನೆಗೆ ಗಾಡಿ ತಳ್ಳಿ ಶುರು ಮಾಡುತ್ತಾನೆ. ಆ ತುಂಡನ್ನು ನೀನು ಕತ್ತರಿಸಿಲ್ಲ, ಪುಣ್ಯಾತ್ಮ! ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ ಅದು. ಎಡಗಡೆಯ ಒಂದೇ ಲಿವರು: ಓಡುವಾಗ ಗೇರು, ಒಳಕ್ಕೆ ಒತ್ತಿ ಮೇಲಕ್ಕೆ ಎತ್ತಿದರೆ ಕಿಕ್ಕರು. ಒದ್ದಾದ ಮೇಲೆ ಮತ್ತೆ ಗೇರಿನ ಜಾಗಕ್ಕೆ ತರಬೇಕು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಈ ಒದೆ ಗೊತ್ತಿರುವವರೂ ಕಡಿಮೆಯಾಗುತ್ತಿದ್ದಾರೆ. ಕ್ಲಬ್ಬಿನವರು ಮೊದಲು ನೋಡುವುದೇ ಅದನ್ನ. ಅದನ್ನೇ ಹತ್ತಿರದಿಂದ ಹಿಡಿ. ಚಪ್ಪಲಿ ಹಾಕಿದ ಕಾಲು, ಧೂಳು ಹಿಡಿದ ಹಿಮ್ಮಡಿ, ಲಿವರು ತಿರುಗಿ ನಿಲ್ಲುವ ಆ ಸದ್ದು, ಆಮೇಲೆ ಎರಡು ಸೈಲೆನ್ಸರಿನಿಂದ ನೀಲಿ ಹೊಗೆ. ಅಷ್ಟು ಸಾಕು, ಟ್ಯಾಂಕು ತೋರಿಸುವ ಅಗತ್ಯವೂ ಇಲ್ಲ.

ಉಳಿದ ಚಿಲ್ಲರೆ ಮಾತು ಬೇಗ ಹೇಳಿ ಮುಗಿಸುತ್ತೇನೆ. ವಿಡಿಯೋಗೆ 'ವಿಂಟೇಜ್' ಅಂತ ಹೆಸರು ಕೊಟ್ಟಿದ್ದೀಯ. 2021ರ ಕೇಂದ್ರದ ನಿಯಮದಲ್ಲಿ ವಿಂಟೇಜ್ ಅನ್ನಿಸಿಕೊಳ್ಳಲು ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ನಂಬರಿನಲ್ಲಿ 'ವಿಎ' ಅಂತ ಬರುತ್ತದೆ, ದಿನಾ ಓಡಿಸುವ ಹಾಗಿಲ್ಲ. ನಿನ್ನದು 1983ರ ಗಾಡಿ, ಇನ್ನೂ ಪ್ರಾಯ. ಅಂಬಾಸಿಡರಿಗೆ ಅಂಟಿಸಿದ ಹಳೇ ಕಾಲದ ಸುಳ್ಳು ನಂಬರನ್ನು ಇವತ್ತೇ ಕಿತ್ತುಹಾಕಿಸು. ಪೊಲೀಸರು ಅದನ್ನು ಕಲೆ ಅಂತ ನೋಡುವುದಿಲ್ಲ. ಈಗಿನ ನಂಬರು ಕಂಡರೆ ಹಳೇ ಕಾಲ ಕೆಟ್ಟುಹೋಗುತ್ತದೆ ಅನ್ನುವುದಾದರೆ ಪಕ್ಕದಿಂದ ಚಿತ್ರ ತೆಗಿ. ಹಳೇ ಜಾಹೀರಾತಿನಲ್ಲಿ ಹೆಲ್ಮೆಟ್ ಹಾಕಿದವರು ಕಡಿಮೆ, ನಿಜ. ಈಗ ರಸ್ತೆಯಲ್ಲಿ ಹಾಗೆ ಹೋದರೆ ಸಾವಿರ ರೂಪಾಯಿ ದಂಡ, ಲೈಸೆನ್ಸು ಮೂರು ತಿಂಗಳು ಬಂದ್. ಮೂರು ಜನ ಕೂತರೂ ಅಷ್ಟೇ. ಅಂಥ ದೃಶ್ಯವನ್ನು ನಮ್ಮ ಕಡಲೆಕಾಯಿ ಕಣದಲ್ಲಿ, ಗಾಡಿ ನಿಲ್ಲಿಸಿಕೊಂಡೇ ತೆಗಿ.

ಹಾಡು ಬದಲಾಯಿಸು. ಕಂಪನಿಗಳು ಈಗ ತಮ್ಮ ಹಳೇ ಹೆಸರುಗಳನ್ನು ತಾವೇ ಅಗೆದು ತೆಗೆಯುತ್ತಿವೆ. ಚೇತಕ್, ಲೂನಾ ಎರಡೂ ಕರೆಂಟಿನ ಗಾಡಿಗಳಾಗಿ ಬಂದಿವೆ, ಹಳೇ ಹಾಡನ್ನು ಸುಮ್ಮನೆ ಬಿಟ್ಟುಕೊಡುತ್ತಾರೆ ಅಂದುಕೊಳ್ಳಬೇಡ. ಹಾಡಿನ ಹಕ್ಕೂ ಅಷ್ಟು ಬೇಗ ತೀರುವುದಿಲ್ಲ, ಹಾಡು ಕಟ್ಟಿದವರು ಹೋದ ಮೇಲೂ 60 ವರ್ಷ ಇರುತ್ತದೆ. ನಿಮ್ಮ ಕಲ್ಯಾಣದುರ್ಗದಲ್ಲಿ ಉರುಮೆ ಬಡಿಯುವವರಿಲ್ಲವೇ? ಒಂದು ನಿಮಿಷ ಬಡಿಸು, ದುಡ್ಡು ಕೊಡು. ಇನ್ನು ಪೆಟ್ರೋಲು: ಈಗಿನದರಲ್ಲಿ ಎಥೆನಾಲ್ ಬೆರೆತಿದೆ, ಅದು ನೀರು ಹೀರುತ್ತದೆ, ಹಳೇ ರಬ್ಬರ್ ಪೈಪು ಮೆತ್ತಗಾಗುತ್ತದೆ. ಶೂಟಿಂಗ್ ಮುಗಿದ ಮೇಲೆ ಕಾರ್ಬ್ಯುರೇಟರ್ ಖಾಲಿ ಮಾಡಿ ನಿಲ್ಲಿಸು. ಟೂಟಿ ಆಯಿಲ್ ಬೆರೆಸುವಾಗ ಕಣ್ಣಳತೆ ಬೇಡ, ಅಳತೆ ಕಪ್ಪು ಇಟ್ಟುಕೋ.

ಮುಂದಿನ ಭಾನುವಾರ ಬಸ್ಸು ಹತ್ತಿ ಬರುತ್ತೇನೆ. ಹಿನ್ನೆಲೆಗೆ ಒಂದು ಗೋಡೆ ಬರಹ ಬೇಕು ಅಂದಿದ್ದೆಯಲ್ಲ, ನಾನೇ ಬರೆಯುತ್ತೇನೆ. ಅರ್ಧ ತೆಲುಗು, ಅರ್ಧ ಕನ್ನಡ, ಅಕ್ಕಮ್ಮನ ಬೆಟ್ಟ ಹಿಂದೆ ಕಾಣುವ ಹಾಗೆ. ಕೈ ಸ್ವಲ್ಪ ನಡುಗುತ್ತದೆ, ಹಳೇದರ ಹಾಗೆ ಕಾಣಲು ಅದೂ ಅನುಕೂಲವೇ. ನೀಲಿ ಪುಡಿ, ಸುಣ್ಣ, ವಜ್ರ ಅಂಟು ತಂದಿಟ್ಟಿರು. ಗೋಡೆ ಯಾರದು ಅಂತ ಮೊದಲು ಕೇಳಿಕೊಂಡಿರು. ಹೋದ ಸಲ ಕೇಳದೆ ಬರೆದದ್ದಕ್ಕೆ ಆ ಯಜಮಾನರು ನನ್ನ ಕೈಯಲ್ಲೇ ಮನೆ ಪೂರ್ತಿ ಸುಣ್ಣ ಹೊಡೆಸಿದ್ದರು.