ಒಂದು ಕೋಲನ್ ತಪ್ಪಿದರೆ ಎಚ್ಚರಿಕೆಯೇ ಮಾಯ: ಪೈಥಾನ್ ಕೈಪಿಡಿಯ ಮಾರ್ಕಪ್ ತಿದ್ದುವ ಬಗೆ

ಪೈಥಾನ್ ಭಾಷೆಯ ಅಧಿಕೃತ ಕೈಪಿಡಿಯಲ್ಲಿ ಓದುಗರಿಗೆ ಎಚ್ಚರಿಕೆಯ ಪೆಟ್ಟಿಗೆಯೊಂದನ್ನು ಹಾಕಬೇಕಾದರೆ ಎರಡು ಚುಕ್ಕಿ, ಒಂದು ಖಾಲಿ ಜಾಗ, ‘ವಾರ್ನಿಂಗ್’ ಎಂಬ ಪದ, ಅದಕ್ಕೆ ಅಂಟಿಕೊಂಡಂತೆ ಎರಡು ಕೋಲನ್ ಬರೆಯಬೇಕು. ಎರಡರ ಬದಲು ಒಂದೇ ಕೋಲನ್ ಬಿದ್ದರೆ ಪುಟ ಸಿದ್ಧಪಡಿಸುವ ತಂತ್ರಾಂಶ ಅದನ್ನು ಬರೆದವರ ಖಾಸಗಿ ಟಿಪ್ಪಣಿ ಎಂದುಕೊಂಡು ಬಿಟ್ಟುಬಿಡುತ್ತದೆ. ದೋಷವಿದೆ ಎಂಬ ಸೂಚನೆಯೂ ಬರುವುದಿಲ್ಲ. ಪುಟ ನೋಡಲು ಚೆನ್ನಾಗಿಯೇ ಇರುತ್ತದೆ, ಎಚ್ಚರಿಕೆ ಮಾತ್ರ ಇರುವುದಿಲ್ಲ. ಇಂಥ ಚಿಹ್ನೆಗಳನ್ನು, ಅಂದರೆ ಮಾರ್ಕಪ್ಪನ್ನು, ತಿದ್ದುವುದೆಂದರೆ ಬರಿಯ ಅಲಂಕಾರ ಎನ್ನುವವರಿಗೆ ನಾನು ಮೊದಲು ತೋರಿಸುವ ಉದಾಹರಣೆ ಇದು.

ಓಪನ್ ಸೋರ್ಸ್ ಯೋಜನೆಗಳಿಗೆ ಎಲ್ಲಿಂದ ಕಾಲಿಡಬೇಕು ಎಂದು ಕೇಳುವ ವಿದ್ಯಾರ್ಥಿಗಳಿಗೆ ಈ ಕೆಲಸ ಒಳ್ಳೆಯ ಬಾಗಿಲು. ಭಾಷೆಯ ಒಳಗುಟ್ಟು ಗೊತ್ತಿರಬೇಕಿಲ್ಲ. ನಿಧಾನವಾಗಿ ಓದುವ ಅಭ್ಯಾಸ ಇರಬೇಕು, ಅಷ್ಟೇ.

ಮೊದಲು ಸ್ವಲ್ಪ ಹಿನ್ನೆಲೆ. ಪೈಥಾನ್ ಕೈಪಿಡಿ ಹಿಂದೆ ಲೇಟೆಕ್‌ನಲ್ಲಿತ್ತು. ಗಿಯಾರ್ಗ್ ಬ್ರಾಂಡ್ಲ್ ಅದನ್ನು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಸರಳ ಬರವಣಿಗೆ ಕ್ರಮಕ್ಕೆ ತಂದು, ಪುಟಗಳನ್ನು ಸಿದ್ಧಪಡಿಸಲು ಸ್ಫಿಂಕ್ಸ್ ಎಂಬ ಸಾಧನವನ್ನೂ ರೂಪಿಸಿದರು. 2008ರಲ್ಲಿ ಬಂದ ಪೈಥಾನ್ 2.6ರಿಂದ ಈ ವ್ಯವಸ್ಥೆಯೇ ನಡೆದುಬಂದಿದೆ. ಕೈಪಿಡಿಯ ಮೂಲ ಫೈಲ್‌ಗಳು ಪೈಥಾನ್‌ನ ಮೂಲ ಕೋಡ್ ಜೊತೆಗೇ ಗಿಟ್‌ಹಬ್‌ನಲ್ಲಿವೆ, ‘ಡಾಕ್’ ಎಂಬ ಫೋಲ್ಡರ್‌ನಲ್ಲಿ.

ಸಿದ್ಧತೆ

ಗಿಟ್‌ಹಬ್‌ನಲ್ಲಿ ಖಾತೆ ತೆರೆದು ಈ ಮೂಲ ಕೋಡ್ ಇರುವ ಸಿಪೈಥಾನ್ ಭಂಡಾರವನ್ನು ಫೋರ್ಕ್ ಮಾಡಿ, ಅಂದರೆ ನಿಮ್ಮ ಖಾತೆಯಲ್ಲಿ ಅದರ ಪ್ರತಿ ಮಾಡಿಕೊಂಡು, ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಡಾಕ್ ಫೋಲ್ಡರ್ ಒಳಗೆ ಹೋಗಿ ‘ಮೇಕ್ ವೆನ್ವ್’ ಆದೇಶ ಕೊಟ್ಟರೆ ಬೇಕಾದ ಸಾಧನಗಳು ಸ್ಥಾಪನೆಯಾಗುತ್ತವೆ. ಆಮೇಲೆ ‘ಮೇಕ್ ಎಚ್‌ಟಿಎಂಎಲ್’ ಕೊಟ್ಟರೆ ಇಡೀ ಕೈಪಿಡಿ ನಿಮ್ಮ ಕಂಪ್ಯೂಟರಿನಲ್ಲೇ ಸಿದ್ಧವಾಗುತ್ತದೆ. ಮೊದಲ ಸಲ ಸ್ವಲ್ಪ ಕಾಯಬೇಕು. ಮುಂದಿನ ಸಲಗಳಲ್ಲಿ ಬದಲಾದ ಪುಟಗಳನ್ನಷ್ಟೇ ಅದು ಹೊಸದಾಗಿ ಕಟ್ಟುವುದರಿಂದ ಬೇಗ ಮುಗಿಯುತ್ತದೆ. ಈ ಹಂತವನ್ನು ಬಿಟ್ಟು ಮುಂದೆ ಹೋಗುವ ಆಸೆ ಹಲವರಿಗೆ ಇರುತ್ತದೆ. ಬೇಡ. ಕಟ್ಟಿ ನೋಡದೆ ಮಾಡಿದ ಮಾರ್ಕಪ್ ತಿದ್ದುಪಡಿಯನ್ನು ನಂಬುವಂತಿಲ್ಲ.

ಈಗ ಒಂದೇ ಒಂದು ಪುಟ ಆರಿಸಿಕೊಳ್ಳಿ. ನೀವು ನಿಜವಾಗಿ ಬಳಸುವ ಮಾಡ್ಯೂಲ್‌ನ ಪುಟವಾದರೆ ಒಳ್ಳೆಯದು. ಮೂಲ ಫೈಲನ್ನು ತೆರೆಯುವ ಮೊದಲು ಬ್ರೌಸರಿನಲ್ಲಿ ಪುಟವನ್ನು ಕೊನೆಯವರೆಗೆ ಓದಿ, ಕಣ್ಣು ಎಡವಿದ ಕಡೆಗಳನ್ನೆಲ್ಲ ಗುರುತು ಹಾಕಿಕೊಳ್ಳಿ: ಓರೆಯಾಗಿ ಕಾಣುವ ಫಂಕ್ಷನ್ ಹೆಸರು, ವಾಕ್ಯದ ನಡುವೆ ಹಾಗೆಯೇ ಉಳಿದ ‘`’ ಚಿಹ್ನೆ ಅಂದರೆ ಬ್ಯಾಕ್‌ಟಿಕ್, ಎಲ್ಲಿಗೂ ಒಯ್ಯದ ಕೊಂಡಿ.

ಬ್ಯಾಕ್‌ಟಿಕ್ ಎಂಬ ಮುಖ್ಯ ತೊಡಕು

ಅತಿ ಹೆಚ್ಚು ಕಾಣುವ ದೋಷ ಇದು. ಮಾರ್ಕ್‌ಡೌನ್ ಎಂಬ ಇನ್ನೊಂದು ಬರವಣಿಗೆ ಕ್ರಮದಲ್ಲಿ ಬರೆದು ರೂಢಿಯಾದವರ ಕೈ ಕೋಡ್‌ನ ಸುತ್ತ ಒಂದೊಂದೇ ಬ್ಯಾಕ್‌ಟಿಕ್ ಹಾಕುತ್ತದೆ. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ ಕೋಡ್‌ಗೆ ಎರಡೆರಡು ಬೇಕು. ಒಂದೇ ಇದ್ದರೆ ಪುಸ್ತಕದ ಹೆಸರನ್ನು ಮುದ್ರಿಸುವ ಹಾಗೆ ಅದು ಓರೆ ಅಕ್ಷರಗಳಲ್ಲಿ ಮೂಡುತ್ತದೆ. ಪುಟ ಕಟ್ಟುವಾಗ ತಂತ್ರಾಂಶ ಇದಕ್ಕೂ ತಕರಾರು ಮಾಡುವುದಿಲ್ಲ.

ಹಾಗಾದರೆ ಫೈಲಿನಲ್ಲಿರುವ ಒಂಟಿ ಬ್ಯಾಕ್‌ಟಿಕ್‌ಗಳನ್ನೆಲ್ಲ ‘ಫೈಂಡ್ ಅಂಡ್ ರಿಪ್ಲೇಸ್’ ಮೂಲಕ ಜೋಡಿ ಮಾಡಿಬಿಡಬಹುದಲ್ಲ ಎನಿಸುತ್ತದೆ. ಖಂಡಿತ ಮಾಡಬೇಡಿ. ಒಂಟಿ ಬ್ಯಾಕ್‌ಟಿಕ್ ಸರಿಯಾಗಿಯೇ ಇರುವ ಜಾಗಗಳೂ ಇವೆ. ಎರಡು ಕೋಲನ್‌ಗಳ ನಡುವೆ ‘ಫಂಕ್’, ‘ಕ್ಲಾಸ್’, ‘ಮಾಡ್’ ಎಂಬ ಗುರುತು ಬರೆದು, ಅದಕ್ಕೆ ತಾಗಿಸಿ ಒಂಟಿ ಬ್ಯಾಕ್‌ಟಿಕ್‌ಗಳ ಒಳಗೆ ಹೆಸರು ಕೊಟ್ಟರೆ ಅದು ‘ರೋಲ್’. ಆ ಫಂಕ್ಷನ್, ಕ್ಲಾಸ್ ಅಥವಾ ಮಾಡ್ಯೂಲ್‌ನ ವಿವರಣೆಗೆ ಕೊಂಡಿ ತಾನಾಗಿ ಏರ್ಪಡುತ್ತದೆ. ಹೊರಗಿನ ಜಾಲತಾಣಗಳಿಗೆ ಕೊಡುವ ಕೊಂಡಿಯ ರೂಪದಲ್ಲೂ ಒಂಟಿ ಬ್ಯಾಕ್‌ಟಿಕ್ ಇದೆ. ಸಾಮೂಹಿಕವಾಗಿ ಬದಲಿಸಿದರೆ ಇವೆಲ್ಲ ಮುರಿಯುತ್ತವೆ. ಒಂದೊಂದನ್ನೂ ನೋಡಿ, ಮೂರರಲ್ಲಿ ಯಾವುದು ಎಂದು ತೀರ್ಮಾನಿಸಿ: ಕೊಂಡಿ ಬೇಕಾದ ಹೆಸರಿಗೆ ರೋಲ್, ಕೋಡ್ ತುಣುಕಿಗೆ ಜೋಡಿ ಬ್ಯಾಕ್‌ಟಿಕ್, ಆರ್ಗ್ಯುಮೆಂಟ್‌ನ ಹೆಸರಿಗೆ ಎರಡು ಬದಿ ಒಂದೊಂದು ನಕ್ಷತ್ರ. ಈ ಮೂರನೆಯದನ್ನು ಹೊಸಬರು ಮರೆಯುತ್ತಾರೆ. ಪೈಥಾನ್ ಕೈಪಿಡಿಯಲ್ಲಿ ಆರ್ಗ್ಯುಮೆಂಟ್‌ಗಳು ಓರೆ ಅಕ್ಷರದಲ್ಲಿ ಇರಬೇಕೆಂಬುದು ನಿಯಮ. ಅಲ್ಲಿ ಓರೆ ಅಕ್ಷರ ಕಂಡೊಡನೆ ತಪ್ಪೆಂದು ತಿಳಿದು ‘ಸರಿಪಡಿಸಿದರೆ’ ಇದ್ದ ವ್ಯವಸ್ಥೆ ಕೆಡುತ್ತದೆ.

ರೋಲ್ ಗೊತ್ತಾಯಿತೆಂದು ಒಂದೇ ಪ್ಯಾರಾದಲ್ಲಿ ಒಂದೇ ಫಂಕ್ಷನ್‌ಗೆ ಐದು ಕಡೆ ಕೊಂಡಿ ಹಾಕುವುದೂ ಓದುಗರಿಗೆ ಕಿರಿಕಿರಿ. ಆ ಭಾಗದಲ್ಲಿ ಮೊದಲ ಬಾರಿ ಬಂದಲ್ಲಿ ಕೊಂಡಿ ಸಾಕು. ಉಳಿದ ಕಡೆ ಹೆಸರಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಇಟ್ಟರೆ ಕೋಡ್‌ನ ರೂಪ ಉಳಿದು ಕೊಂಡಿ ಮಾತ್ರ ಹೋಗುತ್ತದೆ.

ಉಳಿದವು ಸುಲಭ. ಎರಡು ಚುಕ್ಕಿ ಮತ್ತು ಒಂದು ಖಾಲಿ ಜಾಗ ಸೇರಿ ಮೂರು ಅಕ್ಷರದ ಅಗಲವಾಗುವುದರಿಂದ, ಪೆಟ್ಟಿಗೆಗಳ ಒಳಗಿನ ಪಠ್ಯವನ್ನು ಮೂರು ಜಾಗ ಒಳಕ್ಕೆ ಸರಿಸುವುದು ಇಲ್ಲಿನ ಪದ್ಧತಿ. ಶೀರ್ಷಿಕೆಯ ಅಡಿಗೆರೆ ಶೀರ್ಷಿಕೆಗಿಂತ ಗಿಡ್ಡವಿರಬಾರದು. ವಿಭಾಗಕ್ಕೆ ಸಮ ಚಿಹ್ನೆಯ ಗೆರೆ, ಉಪವಿಭಾಗಕ್ಕೆ ಅಡ್ಡಗೀಟಿನ ಗೆರೆ.

ಪರೀಕ್ಷೆ ಮತ್ತು ಸಲ್ಲಿಕೆ

ತಿದ್ದಿದ ಮೇಲೆ ‘ಮೇಕ್ ಚೆಕ್’ ಕೊಡಿ. ಸ್ಫಿಂಕ್ಸ್-ಲಿಂಟ್ ಎಂಬ ಸಾಧನ ಫೈಲ್‌ಗಳನ್ನು ಜಾಲಾಡಿ, ಆರಂಭದಲ್ಲಿ ಹೇಳಿದ ಕೋಲನ್ ದೋಷದಂಥವನ್ನು ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ನಂತರ ಮತ್ತೆ ಪುಟ ಕಟ್ಟಿ, ಬ್ರೌಸರಿನಲ್ಲಿ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಒಂದು ಸಲ್ಲಿಕೆಯಲ್ಲಿ ಒಂದೇ ಬಗೆಯ ತಿದ್ದುಪಡಿ ಇರಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಬ್ಯಾಕ್‌ಟಿಕ್ ಸರಿಪಡಿಸುತ್ತ ನಡುವೆ ವಾಕ್ಯವನ್ನೂ ಬದಲಿಸಿದರೆ, ಸಾಲುಗಳನ್ನು ಹೊಸದಾಗಿ ಮುರಿದು ಜೋಡಿಸಿದರೆ, ಏನು ಬದಲಾಗಿದೆ ಎಂದು ಪರಿಶೀಲಿಸುವವರಿಗೆ ತಿಳಿಯುವುದಿಲ್ಲ. ಅವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಇನ್ನೊಂದು ಕಾರಣವೂ ಇದೆ. ಈ ಕೈಪಿಡಿಯನ್ನು ಜಪಾನಿ, ಕೊರಿಯನ್, ಫ್ರೆಂಚ್, ಸ್ಪ್ಯಾನಿಷ್ ಮುಂತಾದ ಭಾಷೆಗಳಿಗೆ ಪ್ಯಾರಾ ಪ್ಯಾರಾವಾಗಿ ಅನುವಾದಿಸಲಾಗುತ್ತಿದೆ. ಮೂಲದಲ್ಲಿ ಒಂದು ಬ್ಯಾಕ್‌ಟಿಕ್ ಬದಲಾದರೂ ಆ ಪ್ಯಾರಾದ ಅನುವಾದ ಮರುಪರಿಶೀಲನೆಗೆ ಹೋಗುತ್ತದೆ. ಅದು ಮುಗಿಯುವ ತನಕ ಓದುಗರಿಗೆ ಅಲ್ಲಿ ಇಂಗ್ಲಿಷ್ ಕಾಣಬಹುದು. ಅರ್ಥಕ್ಕೋ ಓದಿಗೋ ಉಪಕಾರವಾಗದ ಬದಲಾವಣೆಯನ್ನು ಕೈಬಿಡುವುದೇ ಲೇಸು.

ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆಯನ್ನು, ಅಂದರೆ ಪುಲ್ ರಿಕ್ವೆಸ್ಟ್, ಕಳಿಸುವಾಗ ಯಾವ ಪುಟ, ಯಾವ ದೋಷ, ಯಾಕೆ ಬದಲಿಸಿದಿರಿ ಎಂದು ಎರಡು ಸಾಲು ಬರೆಯಿರಿ. ಮೊದಲ ಸಲ ಕಳಿಸುವವರು ಕೊಡುಗೆದಾರರ ಒಪ್ಪಂದಕ್ಕೆ ಆನ್‌ಲೈನ್‌ನಲ್ಲೇ ಸಹಿ ಹಾಕಬೇಕು. ಸಣ್ಣಪುಟ್ಟ ಅಕ್ಷರದೋಷಕ್ಕೆ ಪ್ರತ್ಯೇಕ ಇಶ್ಯೂ ತೆರೆಯಬೇಕಿಲ್ಲ. ಪರಿಶೀಲಕರು ಬದಲಾವಣೆ ಕೇಳಿದರೆ ಹೊಸ ರಿಕ್ವೆಸ್ಟ್ ಮಾಡದೆ ಅದೇ ಬ್ರಾಂಚ್‌ಗೆ ಸೇರಿಸಿ.

ಕನ್ನಡದಲ್ಲಿ ಬರೆಯುವವರಿಗೆ

ನಿಮ್ಮ ಕಾಲೇಜಿಗೋ ತಂಡಕ್ಕೋ ಇದೇ ಸಾಧನದಲ್ಲಿ ಕನ್ನಡ ಕೈಪಿಡಿ ಬರೆಯುವಿರಾದರೆ ಇಂಗ್ಲಿಷ್ ಬರೆಯುವವರಿಗಿಂತ ಹೆಚ್ಚಾಗಿ ಕಾಡುವ ಒಂದು ತೊಡಕಿದೆ. ಮಾರ್ಕಪ್ ಮುಗಿದ ಮೇಲೆ ಖಾಲಿ ಜಾಗವೋ ವಿರಾಮಚಿಹ್ನೆಯೋ ಇರಬೇಕೆಂಬುದು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ನಿಯಮ. ನಮ್ಮ ವಿಭಕ್ತಿ ಪ್ರತ್ಯಯಗಳೋ ಪದಕ್ಕೆ ಅಂಟಿಯೇ ಬರುತ್ತವೆ. ``ಲಿಸ್ಟ್``ನಲ್ಲಿ ಎಂದು ಬರೆದರೆ ಮುಚ್ಚುವ ಬ್ಯಾಕ್‌ಟಿಕ್ ಅದಕ್ಕೆ ಸಿಗುವುದೇ ಇಲ್ಲ. ದೋಷಸೂಚನೆ ಬಂದು, ಚಿಹ್ನೆಗಳು ಪಠ್ಯದಲ್ಲೇ ಉಳಿಯುತ್ತವೆ. ಪರಿಹಾರ ಸುಲಭ: ನಡುವೆ ಹಿಂಬಾಗಿದ ಗೀಟು ಮತ್ತು ಒಂದು ಖಾಲಿ ಜಾಗ ಹಾಕಿ, ``ಲಿಸ್ಟ್``\ ನಲ್ಲಿ ಎಂದು ಬರೆಯಿರಿ. ಸಿದ್ಧವಾದ ಪುಟದಲ್ಲಿ ಗೀಟೂ ಜಾಗವೂ ಮಾಯವಾಗಿ ಪ್ರತ್ಯಯ ಪದಕ್ಕೆ ಕೂಡಿಕೊಳ್ಳುತ್ತದೆ. ಪ್ರತಿ ಸಾಲಿನಲ್ಲೂ ಇದು ಬೇಸರವೆನಿಸಿದರೆ ‘ಲಿಸ್ಟ್ ಒಳಗೆ’, ‘ಲಿಸ್ಟ್ ಮೂಲಕ’ ಎಂದು ಬಿಡಿ ಪದ ಬರುವ ಹಾಗೆ ವಾಕ್ಯ ಕಟ್ಟಬಹುದು. ಎರಡರಲ್ಲಿ ಯಾವುದೆಂದು ತಂಡದವರೆಲ್ಲ ಮೊದಲೇ ಮಾತಾಡಿಕೊಂಡು ಕೈಪಿಡಿಯ ಮೊದಲ ಪುಟದಲ್ಲೇ ಬರೆದಿಡಿ.