ಕಿಲುಬಿನ ರುಚಿ

ಊರಿನಲ್ಲಿ ನನ್ನನ್ನು 'ಮತ್ತು ಕೊಡೋ ಡಾಕ್ಟ್ರಮ್ಮ' ಅಂತಲೇ ಕರೆಯುವುದು. ನಿಜ ಹೇಳಬೇಕೆಂದರೆ ನನ್ನ ಕೆಲಸದ ಮುಕ್ಕಾಲು ಪಾಲಿನಲ್ಲಿ ಯಾರಿಗೂ ಮತ್ತು ಬರಿಸುವುದೇ ಇಲ್ಲ. ಸಿಸೇರಿಯನ್‌ಗೆ ಬಂದವಳು ಎದೆಯಿಂದ ಕೆಳಗೆ ಮರಗಟ್ಟಿ ಮಲಗಿರುತ್ತಾಳೆ, ಮೇಲೆ ಪೂರ್ತಿ ಎಚ್ಚರ. ಪರದೆಯ ಆಚೆ ಹೊಟ್ಟೆ ಕೊಯ್ಯುತ್ತಿದ್ದರೆ ಈಚೆ ನಾವಿಬ್ಬರೂ ಅವಳ ತವರೂರು, ದೊಡ್ಡ ಮಗುವಿನ ಶಾಲೆ, ಈ ಸಲದ ಮಳೆ ಎಂದು ಮಾತಾಡುತ್ತಿರುತ್ತೇವೆ. ನೋಡಿದವರಿಗೆ ಅದು ಕಾಡುಹರಟೆ. ನನಗೆ ಅದು ಮಾನಿಟರ್. ಗೋಡೆಯ ಮೇಲೆ ಟಿಣ್ ಟಿಣ್ ಎನ್ನುವ ಯಂತ್ರಕ್ಕಿಂತ ಒಂದು ನಿಮಿಷ ಮೊದಲೇ ಸುದ್ದಿ ಮುಟ್ಟಿಸುವ ಮಾನಿಟರ್. ಇದು ತಿಳಿಯುವ ಹೊತ್ತಿಗೆ ನಾನು ಒಬ್ಬ ತಾಯಿಯನ್ನು ಅಪಾಯದ ಅಂಚಿನವರೆಗೆ ಕರೆದುಕೊಂಡು ಹೋಗಿ ಬಂದಿದ್ದೆ.

ಆಗ ನಾನು ಓದು ಮುಗಿಸಿ ನಾಲ್ಕು ವರ್ಷವಾಗಿತ್ತು. ಬ್ಯಾಗು ಹೆಗಲಿಗೇರಿಸಿಕೊಂಡು ಕರೆದ ನರ್ಸಿಂಗ್ ಹೋಮಿಗೆಲ್ಲ ಹೋಗುವ ಕಾಲ. ಒಂದು ರಾತ್ರಿ ಚೊಚ್ಚಲ ಹೆರಿಗೆಯ ಹುಡುಗಿಯೊಬ್ಬಳಿಗೆ ಎಪಿಡ್ಯೂರಲ್ ಹಾಕಿದೆ. ಬೆನ್ನುಮೂಳೆಗಳ ನಡುವೆ ಸೂಜಿ ತೂರಿಸಿ, ಬೆನ್ನುಹುರಿಯ ಹೊದಿಕೆಯ ಹೊರಗಿನ ಜಾಗದಲ್ಲಿ ದಾರದಷ್ಟು ಸಣ್ಣ ನಳಿಕೆ ಬಿಟ್ಟು, ಅದರ ಮೂಲಕ ಮರಗಟ್ಟಿಸುವ ಔಷಧಿಯಾದ 0.1% ಬ್ಯುಪಿವಕೇನ್ ಮತ್ತು ನೋವು ತಗ್ಗಿಸುವ ಚೂರು ಫೆಂಟನಿಲ್ ಕೊಡುವುದು. ಅರ್ಧ ಗಂಟೆಯಲ್ಲಿ ಅವಳ ಮುಖ ಅರಳಿತು. 'ನೋವು ಬರ್ತಿರೋದು ಗೊತ್ತಾಗ್ತಿದೆ, ಆದ್ರೆ ಬೇರೆ ಯಾರಿಗೋ ಬರ್ತಿದೆ ಅನ್ನಿಸ್ತಿದೆ' ಎಂದಳು. ಅತ್ತೆ ಮಾತ್ರ ಬಾಗಿಲಲ್ಲಿ ನಿಂತು 'ನಾವೆಲ್ಲ ಹೆತ್ತಿಲ್ವಾ' ಎಂದು ಗೊಣಗುತ್ತಿದ್ದರು.

ಬೆಳಗ್ಗೆವರೆಗೂ ಮಗು ಕೆಳಗಿಳಿಯಲಿಲ್ಲ. ಸಿಸೇರಿಯನ್ ಮಾಡೋಣ ಎಂದಾಯಿತು. ಹೇಗೂ ನಳಿಕೆ ಇದೆ, ಅದರಲ್ಲೇ ಗಟ್ಟಿ ಔಷಧಿ, 0.5% ಬ್ಯುಪಿವಕೇನ್ ಕೊಟ್ಟರಾಯಿತು. ಗಡಿಬಿಡಿ ಮಾಡುವಂಥದ್ದೇನೂ ಇರಲಿಲ್ಲ, ಮಗುವಿನ ಎದೆಬಡಿತ ಚೆನ್ನಾಗಿತ್ತು. ಗಡಿಬಿಡಿ ಇದ್ದದ್ದು ಸರ್ಜನ್ನರಿಗೆ. ಪಕ್ಕದ ತಾಲ್ಲೂಕಿನಲ್ಲಿ ಹನ್ನೆರಡಕ್ಕೆ ಇನ್ನೊಂದು ಕೇಸು. ಅದು ಯಾವಾಗಲೋ ನನ್ನ ಗಡಿಬಿಡಿಯೂ ಆಗಿಬಿಟ್ಟಿತ್ತು.

ಸಿರಿಂಜಿನಿಂದ ಎಳೆದು ನೋಡಿದೆ, ರಕ್ತ ಬರಲಿಲ್ಲ. 5 ಮಿಲಿ ಕೊಟ್ಟೆ. ಪುಸ್ತಕದಲ್ಲಿ ಹೇಳಿದ ಪ್ರಶ್ನೆ ಕೇಳಿದೆ, 'ಬಾಯಲ್ಲಿ ಲೋಹದ ರುಚಿ ಬರ್ತಿದೆಯೇನಮ್ಮಾ?' ಅವಳು ಪಾಪ, 'ಇಲ್ಲ ಮೇಡಂ' ಎಂದಳು. ಮುಂದಿನ 5 ಮಿಲಿಗೆ ಕೈ ಹಾಕಿದೆ. 2 ಮಿಲಿ ಒಳಗೆ ಹೋಗಿರಬೇಕು, ಅವಳು ನನಗಲ್ಲ, ಪಕ್ಕದಲ್ಲಿದ್ದ ಆಯಾಗೆ ಹೇಳಿದಳು: 'ಅಕ್ಕಾ, ಬಾಯೆಲ್ಲ ಕಿಲುಬು ಕಿಲುಬು ಅನ್ಸ್ತಿದೆ. ಒಂಚೂರು ನೀರು ಕೊಡ್ತೀರಾ?'

'ಈಗ ನೀರು ಕೊಡೋ ಹಂಗಿಲ್ಲ ಕಣವ್ವ' ಎಂದಳು ಆಯಾ.

ಕಿಲುಬು! ಅಜ್ಜಿಯ ಮನೆಯ ಕಲಾಯಿ ಹೋದ ಹಿತ್ತಾಳೆ ಪಾತ್ರೆ, ಅದರಲ್ಲಿ ಮರೆತಿಟ್ಟ ಮಜ್ಜಿಗೆ, ನಾಲಿಗೆಗಿಟ್ಟ ಕೂಡಲೇ ಉಗಿದದ್ದು, ಎಲ್ಲ ಒಂದೇ ಕ್ಷಣದಲ್ಲಿ ನೆನಪಾಯಿತು. ಲೋಹದ ರುಚಿ ಎಂದರೆ ಇದೇ ಅಲ್ಲವೇ? ಕೈ ನಿಂತಿತು. ಅಷ್ಟರಲ್ಲಿ ಅವಳ ಮಾತು ತೊದಲಲು ಶುರುವಾಗಿತ್ತು. ತುಟಿ ದಪ್ಪಗಾಗಿದೆ ಎಂದಳು, ಕಿವಿ ಗುಂಯ್ ಎನ್ನುತ್ತಿದೆ ಎಂದಳು, ಬೆರಳುಗಳು ತಾವಾಗಿ ಅದುರಿದವು. ಮಾನಿಟರಿನಲ್ಲಿ ನಾಲ್ಕಾರು ಬಡಿತ ಅಡ್ಡಾದಿಡ್ಡಿ ಬಿದ್ದವು. ಆಕ್ಸಿಜನ್ ಹಚ್ಚಿ, ಫಿಟ್ಸ್ ಬಂದರೆ ಇರಲಿ ಎಂದು ಮಿಡಜೋಲಮ್ ಕೈಯಲ್ಲಿ ಹಿಡಿದು, ನಳಿಕೆಯ ತುದಿಯನ್ನು ಹಾಸಿಗೆಗಿಂತ ಕೆಳಗೆ ಇಳಿಬಿಟ್ಟೆ. ಕೆಂಪು ಗೆರೆಯೊಂದು ಮೆಲ್ಲಗೆ ಇಳಿದು ಬಂತು. ರಾತ್ರಿ ಸರಿಯಾದ ಜಾಗದಲ್ಲಿದ್ದ ನಳಿಕೆ ಬೆಳಗ್ಗೆ ರಕ್ತನಾಳದೊಳಗೆ ಸೇರಿತ್ತು. ಬಸುರಿಯರಲ್ಲಿ ಆ ಜಾಗದ ರಕ್ತನಾಳಗಳು ಉಬ್ಬಿರುತ್ತವೆ, ನೋವಿನಲ್ಲಿ ಮಗ್ಗುಲು ಬದಲಿಸುತ್ತಲೇ ಇರುತ್ತಾರೆ. ಸಿರಿಂಜಿನಿಂದ ಜೋರಾಗಿ ಎಳೆದಾಗ ತೆಳು ರಕ್ತನಾಳದ ಗೋಡೆಯೇ ನಳಿಕೆಯ ಬಾಯಿಗೆ ಅಂಟಿಕೊಂಡು ರಕ್ತ ಬಾರದೆ ಮೋಸ ಮಾಡಬಲ್ಲದು. ಇದೂ ಪುಸ್ತಕದಲ್ಲಿತ್ತು. ಓದಿದ್ದೆ ಕೂಡ.

ಹತ್ತು ನಿಮಿಷದಲ್ಲಿ ಎಲ್ಲ ತಿಳಿಯಾಯಿತು. ಮುಕ್ಕಾಲು ಗಂಟೆ ಕಾದು, ನಳಿಕೆ ತೆಗೆದು, ಹೊಸದಾಗಿ ಸ್ಪೈನಲ್, ಅಂದರೆ ಆ ಹೊದಿಕೆಯ ಒಳಗೇ ಒಂದು ಇಂಜೆಕ್ಷನ್, ಕೊಟ್ಟು ಸಿಸೇರಿಯನ್ ಆಯಿತು. ಹೆಣ್ಣುಮಗು, ಜೋರು ಗಂಟಲು. ಸಂಜೆ ಮನೆಯವರನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದೆ. ಅತ್ತೆ ಎಲ್ಲ ಕೇಳಿ, 'ಕಿಲುಬಾ? ನಮ್ಮನೇಲಿ ಎಲ್ಲಾ ಸ್ಟೀಲು' ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂದು ಹೋದದ್ದು 7 ಮಿಲಿ, ಅಂದರೆ 35 ಮಿಲಿಗ್ರಾಂ. ಅವಸರಕ್ಕೆ ಬಿದ್ದು ಬೇಕಾದ 15 ಮಿಲಿಯನ್ನೂ ಒಟ್ಟಿಗೆ ಒತ್ತಿದ್ದರೆ 75 ಮಿಲಿಗ್ರಾಂ ನೇರ ಹೃದಯಕ್ಕೆ ಹೋಗುತ್ತಿತ್ತು.

ಈ ಔಷಧಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಇದಿಲ್ಲದೆ ನಾಳೆಯಿಂದ ನನ್ನ ಕೆಲಸವೇ ನಿಲ್ಲುತ್ತದೆ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣಿಗೆ ಕೊಕೇನ್ ಹನಿ ಹಾಕಿ ಮರಗಟ್ಟಿಸಿ ತೋರಿಸಿದಾಗಿನಿಂದ ಕೊಟ್ಟ ಜಾಗವನ್ನಷ್ಟೇ ಮರಗಟ್ಟಿಸುವ ಸುರಕ್ಷಿತ ಲೋಕಲ್‌ಗಾಗಿ ಹುಡುಕಾಟ ನಡೆದೇ ಇತ್ತು. ಸ್ವೀಡನ್ನಿನಲ್ಲಿ 1943ರಲ್ಲಿ ಲಿಗ್ನೊಕೇನ್ ಬಂತು, ಅಲ್ಲೇ 1957ರಲ್ಲಿ ಬ್ಯುಪಿವಕೇನ್. ಲಿಗ್ನೊಕೇನ್ ಒಂದೆರಡು ಗಂಟೆಗೆ ಬಿಟ್ಟುಹೋದರೆ ಇದು ಹಲವು ಗಂಟೆ ನಿಲ್ಲುತ್ತದೆ. ತೆಳ್ಳಗೆ ಮಾಡಿ ಕೊಟ್ಟರೆ ನೋವು ಹೋಗಿ ಕಾಲಿನ ಶಕ್ತಿ ಉಳಿಯುತ್ತದೆ, ತಾಯಿ ಮುಕ್ಕಬಲ್ಲಳು. ಹೆರಿಗೆಗೆ ಇನ್ನೇನು ಬೇಕು? ಆದರೆ ಅಂಟಿಕೊಂಡು ಕೂರುವ ಈ ಗುಣವೇ ಹೃದಯದಲ್ಲಿ ಮುಳುವಾಗುತ್ತದೆ. ಲಿಗ್ನೊಕೇನ್ ಹೊತ್ತಿಗೆ ಬಂದು ಹೊತ್ತಿಗೆ ಎದ್ದುಹೋಗುವ ನೆಂಟ. ಬ್ಯುಪಿವಕೇನ್ ಒಂದು ಬಡಿತದಲ್ಲಿ ಒಳಗೆ ಬಂದು ಚಾಪೆ ಹಾಸಿಕೊಂಡರೆ, ಮುಂದಿನ ಬಡಿತದೊಳಗೆ ಏಳುವುದಿಲ್ಲ. 1979ರಲ್ಲಿ ಅಮೆರಿಕದ ಜಾರ್ಜ್ ಆಲ್‌ಬ್ರೈಟ್ ಎಂಬ ವೈದ್ಯರು ಹೀಗೆ ನಿಂತುಹೋದ ಹೃದಯಗಳ ಬಗ್ಗೆ ಬರೆದು ಎಚ್ಚರಿಸಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ 0.75% ಬ್ಯುಪಿವಕೇನನ್ನು ಹೆರಿಗೆಗೆ ಬಳಸಬಾರದೆಂದಾಯಿತು. ಈಗ ನಾವು ಹೆರಿಗೆ ನೋವಿಗೆ ಕೊಡುವುದು ಅದರ ಆರನೇ ಒಂದರಿಂದ ಹನ್ನೆರಡನೇ ಒಂದು ಪಾಲಿನಷ್ಟು ತೆಳುವಿನದ್ದು.

ಆ ದಿನದ ನಂತರ ಒಂದು ಪುಟ್ಟ ನೋಟ್‌ಬುಕ್ ಇಟ್ಟೆ. ಔಷಧಿಯ ಲೆಕ್ಕಕ್ಕಲ್ಲ, ಮಾತುಗಳಿಗೆ. 'ಬಾಯಿಗೆ ಕಬ್ಬಿಣ ಇಟ್ಟಂಗೆ', 'ತುಟಿ ನಂದಲ್ಲ ಅನ್ನಿಸ್ತದೆ', 'ತಲಿ ಗಿರ್ರ್ ಅನ್ನಾಕತ್ತೈತ್ರೀ', 'ಕಿವಿಯೊಳಗೆ ಜೀರುಂಡೆ'. ಇವೆಲ್ಲ ಔಷಧಿ ರಕ್ತಕ್ಕೆ ಸೇರಿದ ಸೂಚನೆ. 'ಎದೆ ಡವಡವ ಅಂತು' ಎಂದರೆ ಮೊದಲ ಸಲ ಕೊಟ್ಟ ಟೆಸ್ಟ್ ಡೋಸಿನಲ್ಲಿದ್ದ ಅಡ್ರಿನಲಿನ್ ಮಾತಾಡುತ್ತಿದೆ, ನಳಿಕೆ ರಕ್ತನಾಳದಲ್ಲಿರಬಹುದು. ಸ್ಪೈನಲ್ ಆದ ಮೇಲೆ 'ವಾಂತಿ ಬಂದಂಗೆ ಆಯ್ತು, ಯಾಕೋ ಸಂಕಟ' ಎಂದರೆ ಬಿ.ಪಿ. ಇಳಿಯುತ್ತಿದೆ, ಯಂತ್ರದ ಪಟ್ಟಿ ಉಬ್ಬಿ ಅಳೆದು ಹೇಳುವಷ್ಟರಲ್ಲಿ ನಾನು ಔಷಧಿ ಕೊಟ್ಟಿರಬೇಕು, ಬಲಗಡೆ ಸೊಂಟದಡಿ ದಿಂಬು ತುರುಕಿ ಹೊಟ್ಟೆಯ ಭಾರವನ್ನು ಎಡಕ್ಕೆ ವಾಲಿಸಿರಬೇಕು. ಹಾಗಾಗಿ ಹೆದರಿದವಳನ್ನು ನಿದ್ದೆ ಮಾಡಿಸಿಬಿಡೋಣ ಎಂದು ಯಾರಾದರೂ ಹೇಳಿದರೆ ನಾನು ಸುಲಭಕ್ಕೆ ಒಪ್ಪುವುದಿಲ್ಲ. ನಿದ್ದೆ ಹೋದವಳು ಕಿಲುಬು ಅನ್ನುವುದಿಲ್ಲ.

ಈಗ ಎಷ್ಟನೇ ಡೋಸಾಗಿರಲಿ, ಪ್ರತಿಸಲವೂ ಅದು ಮೊದಲ ಡೋಸೇ ಎಂದುಕೊಂಡು ಕೊಡುತ್ತೇನೆ. ಮೂರರಿಂದ ಐದು ಮಿಲಿ, ಆಮೇಲೆ ಮಾತು, ಆಮೇಲೆ ಮತ್ತೆ ಎಳೆದು ನೋಡುವುದು. ಸರ್ಜನ್ನರು ಕೈ ತೊಳೆದು ನಿಂತಿದ್ದರೆ ನಿಂತಿರಲಿ.

ಆಪರೇಷನ್ ಮುಗಿದ ನಂತರದ ನೋವಿನ ವಿಚಾರದಲ್ಲಿ ಕಲಿತದ್ದು ಬೇರೆ, ಅದು ಲೆಕ್ಕ. ಸಿಸೇರಿಯನ್ ಆದ ಮೇಲೆ ಸ್ಪೈನಲ್ಲಿನ ಪ್ರಭಾವ ಇಳಿದು ಗಾಯ ಉರಿಯುತ್ತದೆ. ಬಾಣಂತಿ ಎದ್ದು ಕೂತು ಹಾಲುಣಿಸಬೇಕು, ಕೆಮ್ಮಬೇಕು, ಓಡಾಡಬೇಕು. ಅದಕ್ಕೆ ಹೊಟ್ಟೆಯ ಎರಡೂ ಬದಿಯ ಸ್ನಾಯು ಪದರದ ನಡುವೆ ಬ್ಯುಪಿವಕೇನ್ ಹರಡುವ ಟ್ಯಾಪ್ ಬ್ಲಾಕ್ ಕೊಡುತ್ತೇವೆ. ಒಳ್ಳೆಯ ಉಪಾಯ. ಒಮ್ಮೆ 42 ಕೆ.ಜಿ. ತೂಕದ ತಾಯಿಗೆ ಹೀಗೆ ಬ್ಲಾಕ್ ಕೊಡಲು ಸಿದ್ಧಳಾಗುತ್ತಿದ್ದೆ. ಹೊಲಿಗೆ ಹಾಕುತ್ತಿದ್ದ ಸರ್ಜನ್ನರು 'ನಾನೂ ಗಾಯಕ್ಕೆ ಸ್ವಲ್ಪ ಲೋಕಲ್ ಹಾಕಿದೀನಿ' ಎಂದರು. ಎಷ್ಟು ಎಂದೆ. 'ಒಂದು ವಯಲ್.' 0.5%ದ 20 ಮಿಲಿ ವಯಲ್ ಎಂದರೆ 100 ಮಿಲಿಗ್ರಾಂ! ಕೆ.ಜಿ.ಗೆ 2 ಮಿಲಿಗ್ರಾಂ ಎಂಬ ಮಿತಿಯಲ್ಲಿ ಅವಳಿಗೆ ಎಲ್ಲ ಸೇರಿ ಸಲ್ಲುವುದು 84. ಮಿತಿ ಆಗಲೇ ದಾಟಿತ್ತು, ನಾನಿನ್ನೂ ನನ್ನ ಪಾಲಿನ 100 ಮಿಲಿಗ್ರಾಂ ಹಿಡಿದು ನಿಂತಿದ್ದೆ. ಸಿರಿಂಜ್ ಕೆಳಗಿಟ್ಟೆ. ಬ್ಲಾಕ್ ಇಲ್ಲ, ಬದಲಿಗೆ ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಮತ್ತು ಮಂಚದ ಪಕ್ಕ ಎರಡು ಗಂಟೆ ನಾನು. ಅವಳಿಗೆ ಏನೂ ಆಗಲಿಲ್ಲ. ನನಗೆ ಊಟ ಸೇರಲಿಲ್ಲ.

ಒಬ್ಬರು ತಪ್ಪು ಮಾಡಿದರು ಅನ್ನುವಂಥದ್ದಲ್ಲ ಇದು. ಇಬ್ಬರು ಒಂದೇ ಚೀಲದಿಂದ ಖರ್ಚು ಮಾಡುತ್ತಿದ್ದೆವು, ಲೆಕ್ಕ ಯಾರೂ ಬರೆದಿರಲಿಲ್ಲ. ಶೇಕಡಾ ಲೆಕ್ಕವೇ ಜನರನ್ನು ಮೋಸಗೊಳಿಸುತ್ತದೆ; 0.5 ಎಂದರೆ ಚೂರು ಅನ್ನಿಸುತ್ತದೆ. ಅದನ್ನು ಹತ್ತರಿಂದ ಗುಣಿಸಿದರೆ ಒಂದು ಮಿಲಿಯಲ್ಲಿ ಎಷ್ಟು ಮಿಲಿಗ್ರಾಂ ಎಂಬುದು ಸಿಗುತ್ತದೆ. 0.5 ಎಂದರೆ 5, 0.25 ಎಂದರೆ ಎರಡೂವರೆ. ಈಗ ಕೇಸು ಶುರುವಾಗುವ ಮುನ್ನವೇ ಓಟಿಯ ಬಿಳಿ ಹಲಗೆಯ ಮೇಲೆ ತೂಕ, ಮಿತಿ, ಸ್ಪೈನಲ್ಲಿಗೆ ಹೋದದ್ದು, ಉಳಿದದ್ದು ಎಂದು ಬರೆಸುತ್ತೇನೆ, ಕಿರಾಣಿ ಅಂಗಡಿಯ ಖಾತೆಯ ಹಾಗೆ. 42 ಕೆ.ಜಿ.ಯವಳಿಗೆ ಸ್ಪೈನಲ್ಲಿಗೆ 10 ಮಿಲಿಗ್ರಾಂ ಹೋದ ಮೇಲೆ, ಎರಡೂ ಬದಿ ಸೇರಿ 0.25%ದ 28 ಮಿಲಿ, ಅಂದರೆ 70. ಅಲ್ಲಿಗೆ ಖಾತೆ ಬಂದ್. ಬ್ಲಾಕ್ ಕೊಟ್ಟ ಕೂಡಲೇ ವಾರ್ಡಿಗೆ ದಬ್ಬುವುದೂ ಇಲ್ಲ. ಈ ಔಷಧಿ ಸ್ನಾಯುವಿನಿಂದ ರಕ್ತಕ್ಕೆ ನಿಧಾನವಾಗಿ ಏರುತ್ತದೆ, ತೊಂದರೆ ಬರುವುದಿದ್ದರೆ ನಾವು ಚಹಾ ಕುಡಿಯುವ ಹೊತ್ತಿಗೇ ಬರುತ್ತದೆ.

ಬ್ಯಾಗಿನಲ್ಲಿ ಈಗ ಇನ್ನೊಂದು ವಸ್ತುವಿದೆ. 20% ಲಿಪಿಡ್ ಎಮಲ್ಷನ್, ಸೋಯಾ ಎಣ್ಣೆಯಿಂದ ಮಾಡಿದ್ದು, ನೋಡಲು ಹಾಲಿನಂತೆ; ಸಿಸ್ಟರ್‌ಗಳು 'ಮೇಡಂ ಹಾಲಿನ ಬಾಟ್ಲಿ' ಅನ್ನುತ್ತಾರೆ. ಉಣ್ಣಲಾಗದ ರೋಗಿಗಳಿಗೆ ರಕ್ತನಾಳದ ಮೂಲಕ ಕೊಡುವ ಕೊಬ್ಬು ಅದು. ಬ್ಯುಪಿವಕೇನಿಗೆ ಕೊಬ್ಬೆಂದರೆ ಪ್ರೀತಿ, ಹೃದಯ ಬಿಟ್ಟು ಅದರ ಹಿಂದೆ ಹೋಗುತ್ತದೆ. ಗೈ ವೈನ್‌ಬರ್ಗ್ ಎಂಬ ವೈದ್ಯರು 1998ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. 2006ರಲ್ಲಿ ನ್ಯೂಯಾರ್ಕಿನಲ್ಲಿ ನಿಂತ ಹೃದಯದ ಮನುಷ್ಯನೊಬ್ಬ ಇದರಿಂದ ಬದುಕಿದ ವರದಿ ಬಂತು. ಉಸಿರು ಮತ್ತು ಆಕ್ಸಿಜನ್ ಮೊದಲು, ಎದೆ ಒತ್ತುವುದನ್ನು ಬಿಡದೆ, ಕೆ.ಜಿ.ಗೆ 1.5 ಮಿಲಿಯಂತೆ ಎರಡು ಮೂರು ನಿಮಿಷದಲ್ಲಿ ಇದನ್ನು ಕೊಡುವುದು, ಆಮೇಲೆ ಡ್ರಿಪ್ಪಿನಲ್ಲಿ ಮುಂದುವರಿಸುವುದು. ಬಿಳಿ ಇದೆ ಎಂದು ಪ್ರೊಪೊಫಾಲ್ ಎತ್ತಿಕೊಳ್ಳಬಾರದು, ಅದು ಹೃದಯವನ್ನು ಇನ್ನಷ್ಟು ಕುಗ್ಗಿಸುತ್ತದೆ. ಪ್ರತಿಸಲ ಬಾಟಲಿ ಬಳಸದೆಯೇ ಅವಧಿ ಮುಗಿದ ಮೇಲೆ ಎಸೆಯುತ್ತೇನೆ. ದುಡ್ಡು ದಂಡವಾಯಿತಲ್ಲ ಎಂದು ಗಂಡ ಕೇಳುತ್ತಾರೆ. ಹೀಗೆ ದಂಡವಾಗುತ್ತಲೇ ಇರಲಿ.

ಇನ್ನೊಂದು ಮಾತು. ಸ್ಪೈನಲ್ಲಿಗೆ ಬಳಸುವ ಹೆವಿ ಬ್ಯುಪಿವಕೇನ್ ಆಂಪ್ಯೂಲೂ ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಆಂಪ್ಯೂಲೂ ಎಷ್ಟೋ ಕಡೆ ಅಕ್ಕತಂಗಿಯರಂತಿರುತ್ತವೆ. ಒಂದರ ಬದಲು ಇನ್ನೊಂದು ಬೆನ್ನಿಗೆ ಹೋಗಿ ಜೀವಗಳು ಹೋಗಿವೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಈ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು. ನಮ್ಮಲ್ಲಿ ಟ್ರಾನೆಕ್ಸಾಮಿಕ್ ಸ್ಪೈನಲ್ ಟ್ರೇಯ ಹತ್ತಿರ ಸುಳಿಯುವಂತಿಲ್ಲ, ಬೇರೆ ಕಪಾಟು. ಆಂಪ್ಯೂಲ್ ಒಡೆಯುವ ಮುನ್ನ ಸಿಸ್ಟರ್ ಗಟ್ಟಿಯಾಗಿ ಓದಬೇಕು, ನಾನೂ ಓದಬೇಕು.

ಜನ ಕೇಳುವುದು ಮಾತ್ರ ಇದ್ಯಾವುದನ್ನೂ ಅಲ್ಲ. 'ಬೆನ್ನಿಗೆ ಚುಚ್ಚಿಸಿಕೊಂಡ್ರೆ ಜನ್ಮಪೂರ್ತಿ ಸೊಂಟ ನೋವಂತೆ?' ಇಲ್ಲ. ಆ ಸೊಂಟ ನೋವಿನಲ್ಲಿ ಹೆಚ್ಚಿನದು ಬಸುರಿನದು, ಮಗು ಎತ್ತಿ ಆಡಿಸಿದ್ದರದು. ಎದ್ದು ಕೂತರೆ ಸಿಡಿದು, ಮಲಗಿದರೆ ಇಳಿಯುವ ತಲೆನೋವು ಬಂದರೆ ಹೇಳಿ, ಅದು ನನ್ನ ಸೂಜಿಯದು. ರಕ್ತ ತೆಳು ಮಾಡುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಚುಚ್ಚುವ ಮೊದಲೇ ಹೇಳಿ.

ಹೋದ ತಿಂಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗಿಯೊಬ್ಬಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಎಪಿಡ್ಯೂರಲ್ ತಾನಾಗಿಯೇ ಕೇಳಿದಳು. ನಳಿಕೆ ಅಂಟಿಸಿ, ನನ್ನ ಮಾಮೂಲಿ ಪಾಠ ಶುರು ಮಾಡಿದೆ: 'ಬಾಯಲ್ಲಿ ಕಿಲುಬು ಬಂದ ಹಾಗಾದರೆ ತಕ್ಷಣ ಹೇಳಬೇಕು.'

'ಕಿಲುಬು ಅಂದ್ರೆ?' ಎಂದಳು.

ಅವಳಮ್ಮ ಹಿತ್ತಾಳೆ ಚೊಂಬು, ಕಲಾಯಿ, ಹುಳಿ ಎಂದೆಲ್ಲ ವಿವರಿಸಲು ಹೊರಟರು. ಹುಡುಗಿ ಕಣ್ಣು ಕಣ್ಣು ಬಿಟ್ಟಳು. ನನ್ನ ಇಷ್ಟು ವರ್ಷದ ನೋಟ್‌ಬುಕ್ ಅಲ್ಲಿಗೇ ಹಳತಾಯಿತು. ಸ್ವಲ್ಪ ಯೋಚಿಸಿ, 'ಚೌಕ ಬ್ಯಾಟರಿ ಇರುತ್ತಲ್ಲ, ಅದನ್ನ ನಾಲಿಗೆಗೆ ತಾಗಿಸಿದ ಹಾಗೆ' ಎಂದೆ.

'ಓ, ಅದು ಗೊತ್ತು ಮೇಡಂ' ಎಂದಳು. ಅಮ್ಮನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, 'ನಾಲ್ಕನೇ ಕ್ಲಾಸಿನಲ್ಲಿ ಮಾಡಿದ್ದೆ. ಇವ್ರಿಗೆ ಹೇಳಿಲ್ಲ.'