ಸಾಲಿನ ತುದಿಯಲ್ಲಿ ಅಡಗಿರುವ ಅಕ್ಷರ

ಪ್ರಶ್ನೆ: ಪೈಥಾನ್ 2.6 ಇರುವ ಹಳೆಯ ಲಿನಕ್ಸ್ ಸರ್ವರ್‌ಗಾಗಿ ಒಂದು ಪುಟ್ಟ ವೆಬ್ ಫ್ರೇಮ್‌ವರ್ಕ್ ಬರೆದಿದ್ದೇನೆ. ಬ್ರೌಸರಿನ ಪೆಟ್ಟಿಗೆಯಲ್ಲಿ ಕೋಡ್ ಬರೆದು ಸೇವ್ ಮಾಡಿದರೆ, ಕಂಪೈಲ್ ಆಗುವಾಗ ಮೊದಲ ಸಾಲಿನಲ್ಲೇ ಸಿಂಟ್ಯಾಕ್ಸ್ ಎರರ್. ಅದೇ ಫೈಲನ್ನು ಟರ್ಮಿನಲ್‌ನಿಂದ ಓಡಿಸಿದರೆ ಸರಿಯಾಗಿ ನಡೆಯುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿರುವುದೂ ಲಿನಕ್ಸೇ. ತಪ್ಪು ಎಲ್ಲಿದೆ?

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಒಂದೇ ಫೈಲು ಒಂದು ಕಡೆ ಓಡಿ ಇನ್ನೊಂದು ಕಡೆ ಮುಗ್ಗರಿಸಿದರೆ ಯಾರಿಗಾದರೂ ಗೊಂದಲವಾಗುತ್ತದೆ. ನಿಮ್ಮ ಕೋಡಿನಲ್ಲಿ ತಪ್ಪಿಲ್ಲ. ಸಾಲು ಮುಗಿಯುವ ರೀತಿಯಲ್ಲಿ ವ್ಯತ್ಯಾಸವಿದೆ.

ಟೈಪ್‌ರೈಟರ್ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಹೊಸ ಸಾಲಿಗೆ ಹೋಗಲು ಅಲ್ಲಿ ಎರಡು ಕೆಲಸ ಆಗಬೇಕು: ಕ್ಯಾರಿಯೇಜ್ ಎಡ ಅಂಚಿಗೆ ಮರಳಬೇಕು, ಕಾಗದ ಒಂದು ಸಾಲು ಮೇಲೆ ಸರಿಯಬೇಕು. ಆಸ್ಕಿ ಸಂಕೇತದಲ್ಲಿ ಮೊದಲನೆಯದಕ್ಕೆ 13, ಎರಡನೆಯದಕ್ಕೆ 10. ಯುನಿಕ್ಸ್, ಲಿನಕ್ಸ್‌ಗಳಿಗೆ 10 ಒಂದೇ ಸಾಕು. ಡಾಸ್, ವಿಂಡೋಸ್‌ಗಳು ಎರಡನ್ನೂ ಬರೆಯುತ್ತವೆ.

'ನನ್ನ ಬಳಿ ವಿಂಡೋಸೇ ಇಲ್ಲವಲ್ಲ' ಎನ್ನುತ್ತೀರಿ. ಸಾಮಾನ್ಯವಾಗಿ ಎಲ್ಲರೂ ಎಡವುವುದು ಇಲ್ಲೇ. ಫಾರ್ಮ್ ಕಳುಹಿಸುವಾಗ ಪ್ರತಿ ಸಾಲಿನ ಕೊನೆಗೆ 13, 10 ಜೋಡಿ ಹಾಕಬೇಕೆಂಬುದು ಎಚ್‌ಟಿಎಂಎಲ್ ನಿಯಮ. ಅದನ್ನು ಬ್ರೌಸರೇ ಮಾಡುತ್ತದೆ, ಯಂತ್ರ ಯಾವುದೇ ಇರಲಿ. ಜಾವಾಸ್ಕ್ರಿಪ್ಟ್‌ನಲ್ಲಿ ಅದೇ ಪೆಟ್ಟಿಗೆಯ ಪಠ್ಯ ತೆಗೆದು ನೋಡಿದರೆ ಬರೀ 10 ಕಾಣುತ್ತದೆ. ಹಾಗಾಗಿ ಬ್ರೌಸರಿನ ಮೇಲೆ ಅನುಮಾನವೇ ಹುಟ್ಟುವುದಿಲ್ಲ.

ಟರ್ಮಿನಲ್‌ನಲ್ಲಿ ಓಡುವುದೇಕೆ? ಪೈಥಾನ್ 2.3ರಿಂದ ಫೈಲನ್ನು ನೇರವಾಗಿ ಓಡಿಸುವಾಗ ಎಲ್ಲ ಬಗೆಯ ಸಾಲುತುದಿಗಳನ್ನೂ ಅದು ಒಪ್ಪುತ್ತದೆ. ಆದರೆ ನಿಮ್ಮ ಫ್ರೇಮ್‌ವರ್ಕ್ ಫೈಲನ್ನು ಓದಿ, ಆ ಪಠ್ಯವನ್ನು ಕಂಪೈಲ್ ಫಂಕ್ಷನ್‌ಗೆ ಕೊಡುತ್ತಿದೆ. ಆ ಫಂಕ್ಷನ್‌ಗೆ ಈ ಉದಾರತೆ ಬಂದದ್ದು 2.7 ಮತ್ತು 3.2ರಲ್ಲಿ. ಅದಕ್ಕೆ ಮೊದಲು 13 ಕಂಡರೆ ಅಪರಿಚಿತ ಅಕ್ಷರವೆಂದು ಮೊದಲ ಸಾಲಿನಲ್ಲೇ ನಿಂತುಬಿಡುತ್ತಿತ್ತು.

ಊಹೆಯ ಮೇಲೆ ಕೋಡ್ ತಿದ್ದಬೇಡಿ, ಮೊದಲು ಖಚಿತಪಡಿಸಿಕೊಳ್ಳಿ. ಕಂಪೈಲ್‌ಗೆ ಹೋಗುವ ಪಠ್ಯವನ್ನು ಸುಮ್ಮನೆ ಪ್ರಿಂಟ್ ಮಾಡಿದರೆ ಏನೂ ತಿಳಿಯದು. ರೆಪ್ರ್ ಫಂಕ್ಷನ್ ಮೂಲಕ ಪ್ರಿಂಟ್ ಮಾಡಿ. ಸಾಲಿನ ತುದಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಆರ್, ಬ್ಯಾಕ್‌ಸ್ಲ್ಯಾಶ್ ಎನ್ ಜೋಡಿ ಕಂಡರೆ ಕಳ್ಳ ಸಿಕ್ಕಿದ ಹಾಗೆಯೇ.

ಪರಿಹಾರ ಸುಲಭ: ಕಂಪೈಲ್‌ಗೆ ಮೊದಲು 13, 10 ಜೋಡಿಯನ್ನು 10 ಮಾಡಿ, ಆಮೇಲೆ ಒಂಟಿ 13 ಉಳಿದಿದ್ದರೆ ಅದನ್ನೂ 10 ಮಾಡಿ. ಈ ಕ್ರಮ ತಪ್ಪಬಾರದು. ಒಂಟಿಯನ್ನು ಮೊದಲು ಬದಲಿಸಿದರೆ ಪ್ರತಿ ಸಾಲಿನ ನಡುವೆ ಖಾಲಿ ಸಾಲು ಹುಟ್ಟಿಕೊಂಡು, 20ನೇ ಸಾಲಿನ ದೋಷವನ್ನು ಪೈಥಾನ್ 39ನೇ ಸಾಲಿನದೆಂದು ಹೇಳುತ್ತದೆ. ಅದನ್ನು ಹುಡುಕುವುದು ಇನ್ನೂ ದೊಡ್ಡ ತಲೆನೋವು.

ನಿಮ್ಮ ಕೋಡಿನಲ್ಲಿ ಎಚ್‌ಟಿಟಿಪಿ ಹೆಡರ್‌ಗಾಗಿ ನೀವೇ ಬರೆದ ಬ್ಯಾಕ್‌ಸ್ಲ್ಯಾಶ್ ಆರ್, ಬ್ಯಾಕ್‌ಸ್ಲ್ಯಾಶ್ ಎನ್ ಈ ಬದಲಾವಣೆಯಲ್ಲಿ ಅಳಿಸಿಹೋದೀತೆಂಬ ಅಳುಕು ಬೇಡ. ಫೈಲಿನಲ್ಲಿ ಅವು ಕಣ್ಣಿಗೆ ಕಾಣುವ ನಾಲ್ಕು ಸಾಮಾನ್ಯ ಅಕ್ಷರಗಳು. 13, 10 ಆಗುವುದು ಕಂಪೈಲ್ ಆದಾಗ. ನೀವು ಬದಲಿಸುವುದು ಅದಕ್ಕೂ ಮೊದಲು.

ಕೊನೆಗೆ ಒಂದು ಸಣ್ಣ ಕೆಲಸ: ಪಠ್ಯದ ತುದಿಗೆ ಒಂದು ಹೊಸಸಾಲು ಅಂಟಿಸಿ. ಕೋಡಿನ ಕಡೆಯ ಸಾಲು ಕಾಮೆಂಟ್ ಆಗಿದ್ದರೆ ಹಳೆಯ ಕಂಪೈಲ್ ಫಂಕ್ಷನ್ ಅಲ್ಲಿಯೂ ಎಡವುತ್ತಿತ್ತು. ಬ್ರೌಸರಿನಲ್ಲೇ ಕೋಡ್ ತಿದ್ದಲು ಅವಕಾಶವಿದ್ದ ವೆಬ್‌2ಪೈ ಫ್ರೇಮ್‌ವರ್ಕ್ ಕೂಡ ಇದೇ ಕಾರಣಕ್ಕೆ ಒಂದು ಹೊಸಸಾಲನ್ನು ತಾನೇ ಸೇರಿಸಿಕೊಳ್ಳುತ್ತಿತ್ತು.